ಫೇರ್ ಕ್ಯೂಯಿಂಗ್: ಜಾಲದಲ್ಲಿ ಸಮಪಾಲು

ಒಂದೇ ಅಂತರಜಾಲ ಸಂಪರ್ಕವನ್ನು ಹಲವರು ಹಂಚಿಕೊಂಡಾಗ ಯಾರ ಪ್ಯಾಕೆಟ್ ಮೊದಲು ಸಾಗಬೇಕೆಂದು ನಿರ್ಧರಿಸುವ ಕ್ರಮವಿದು. ಬಂದವರಿಗೆ ಬಂದಂತೆ ಸೇವೆ ಎಂದರೆ, ಒಬ್ಬರ ಭಾರಿ ಡೌನ್‌ಲೋಡ್ ಉಳಿದವರ ಸಂಭಾಷಣೆಗೆ ಅಡ್ಡಿಯಾಗುತ್ತದೆ. 1985ರಲ್ಲಿ ಜಾನ್ ನೇಗಲ್, ಪ್ರತಿ ಕಂಪ್ಯೂಟರಿಗೂ ಪ್ರತ್ಯೇಕ ಸಾಲು, ಸರದಿಯಂತೆ ಒಂದೊಂದು ಪ್ಯಾಕೆಟ್ ಎಂಬ ಪರಿಹಾರ ಸೂಚಿಸಿದರು. ಆದರೆ ಚಿಕ್ಕೋಡಿ, ಅಥಣಿ, ಕಾಗವಾಡ ಭಾಗದ ಸಕ್ಕರೆ ಕಾರ್ಖಾನೆಯ ಮುಂದೆ ಎತ್ತಿನ ಗಾಡಿಗೊಂದು, ಟ್ರ್ಯಾಕ್ಟರಿಗೊಂದು ಸರದಿ ಎಂದರೆ ಹೆಚ್ಚು ಕಬ್ಬು ಇಳಿಸುವವನು ಟ್ರ್ಯಾಕ್ಟರಿನವನೇ. ಅಂತೆಯೇ ಇಲ್ಲಿಯೂ ದೊಡ್ಡ ಪ್ಯಾಕೆಟ್ ಕಳುಹಿಸುವವರಿಗೇ ಲಾಭ. 1989ರಲ್ಲಿ ಡೆಮರ್ಸ್, ಕೇಶವ್ ಮತ್ತು ಶೆಂಕರ್ ಬಿಟ್‌ಗಳ ಲೆಕ್ಕದಲ್ಲಿ ಪಾಲು ಹಂಚಿ ಈ ದೋಷ ನೀಗಿದರು. 1995ರಲ್ಲಿ ಶ್ರೀಧರ್ ಹಾಗೂ ಜಾರ್ಜ್ ವರ್ಗೀಸ್ ಮಂಡಿಸಿದ ‘ಡೆಫಿಸಿಟ್ ರೌಂಡ್ ರಾಬಿನ್’ ಪ್ರತಿ ಸುತ್ತಿಗೂ ನಿಗದಿತ ಬೈಟ್ ನೀಡುತ್ತದೆ. ಸಾಲು ಖಾಲಿಯಾಗದಿದ್ದರೆ ಉಳಿಕೆಯನ್ನು ಮುಂದಿನ ಸುತ್ತಿಗೆ ಜಮೆ ಮಾಡುತ್ತದೆ. ಲೆಕ್ಕ ಸರಳವಾದ್ದರಿಂದ ವೇಗದ ರೂಟರ್‌ಗಳಿಗೂ ಇದು ಒಗ್ಗುತ್ತದೆ.