ಹಾನಗಲ್ಲಿನ ಹೊಲ, ಒಮಾನಿನ ಅನಿಲ

2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಲು ಬಂದ ರೈತರ ಮೇಲೆ ಗೋಲಿಬಾರ್ ಆಯಿತು. ಇಬ್ಬರು ರೈತರು ಜೀವ ಕಳೆದುಕೊಂಡರು. ಆಗ ನಾನು ಹಾನಗಲ್ಲ ಕಡೆಯ ಸೊಸೈಟಿಯೊಂದರಲ್ಲಿ ಸ್ಟಾಕ್ ಪುಸ್ತಕ ಬರೆಯುತ್ತಿದ್ದೆ. ಮೃಗಶಿರಾ ಮಳೆಯ ದಿನಗಳು. ಹಿರೇಕೆರೂರ, ಶಿಗ್ಗಾವಿ, ಸವಣೂರ, ಎಲ್ಲ ಕಡೆ ಗೋವಿನಜೋಳ, ಹತ್ತಿಯ ಬಿತ್ತನೆಗೆ ಡಿಎಪಿ ಬೇಕು. ಹೊಲದ ಹದ ಲಾರಿಗಾಗಿ ಕಾಯುವುದಿಲ್ಲ.

ಗುಂಡು ಹಾರಿಸಿದ ಹೊಣೆ ಸರ್ಕಾರದ್ದು, ಅದರಲ್ಲಿ ಎರಡು ಮಾತಿಲ್ಲ. ಗೊಬ್ಬರದ ಅಭಾವದ ಬೇರು ಮಾತ್ರ ಕಡಲಾಚೆಗೂ ಹೋಗುತ್ತದೆ. 2007ರ ಆರಂಭದಲ್ಲಿ ಜಾಗತಿಕ ಪೇಟೆಯಲ್ಲಿ ಟನ್ನಿಗೆ 300 ಡಾಲರ್‌ಗೂ ಕಡಿಮೆ ಇದ್ದ ಡಿಎಪಿ, ಮರುವರ್ಷದ ಬೇಸಿಗೆಗೆ 1,000 ಡಾಲರ್ ದಾಟಿತ್ತು. ಆಗ ಇಲ್ಲಿ ರೈತನಿಗೆ ಚೀಲವನ್ನು 500 ರೂಪಾಯಿಯೊಳಗೆ ಕೊಡಬೇಕಿತ್ತು, ಮಿಕ್ಕಿದ್ದನ್ನು ದಿಲ್ಲಿ ತುಂಬಬೇಕಿತ್ತು. ಡಿಎಪಿಗೆ ಬೇಕಾದ ಅಮೋನಿಯಾ ತಯಾರಾಗುವುದು ನೈಸರ್ಗಿಕ ಅನಿಲದಿಂದ; ಗಂಧಕ ಸಿಗುವುದು ತೈಲ, ಅನಿಲಗಳನ್ನು ಶುದ್ಧಿ ಮಾಡುವಾಗ. ಎರಡಕ್ಕೂ ನಾವು ಕೊಲ್ಲಿ ದೇಶಗಳ ದಾರಿ ಕಾಯುವವರು. 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿತು.

ಹಿಂದೆಯೂ ಹೀಗಾಗಿತ್ತು. 1973ರ ಅರಬ್–ಇಸ್ರೇಲ್ ಯುದ್ಧದ ಬೆನ್ನಿಗೆ ತೈಲ ನಾಲ್ಕು ಪಟ್ಟು ತುಟ್ಟಿಯಾಯಿತು. 1974ರಲ್ಲಿ ಯೂರಿಯಾ ದರ ಟನ್ನಿಗೆ 2,000 ರೂಪಾಯಿಗೆ, ಹೆಚ್ಚುಕಡಿಮೆ ಇಮ್ಮಡಿಗೆ ಏರಿತು. ಧಾರವಾಡದ ವರಲಕ್ಷ್ಮಿ ಹತ್ತಿ 1972ರಲ್ಲಷ್ಟೇ ಹೊರಬಂದಿತ್ತು. ಅದು ಕೈತುಂಬ ಗೊಬ್ಬರ ಬೇಡುವ ತಳಿ.

ವಿದೇಶಾಂಗ ನೀತಿ ನಮ್ಮ ಹೊಲಕ್ಕೆ ಮಾಡಿದ ದೊಡ್ಡ ಉಪಕಾರ ಯಾವುದೆಂದು ಕೇಳಿದರೆ ನಾನು ಒಮಾನಿನ ಸೂರ್ ಕಾರ್ಖಾನೆಯ ಹೆಸರು ಹೇಳುತ್ತೇನೆ. ಅದರಲ್ಲಿ ಅರ್ಧ ಪಾಲು ಒಮಾನಿನದು, ಉಳಿದರ್ಧ ನಮ್ಮ ಸಹಕಾರಿಗಳಾದ ಇಫ್ಕೋ ಮತ್ತು ಕ್ರಿಬ್ಕೋದವು. 2005ರಲ್ಲಿ ಉತ್ಪಾದನೆ ಶುರುವಾಯಿತು. ವರ್ಷಕ್ಕೆ 16 ಲಕ್ಷ ಟನ್ನಿಗೂ ಮಿಕ್ಕಿ ಯೂರಿಯಾ ತಯಾರಿಸುವ ಶಕ್ತಿ ಅದಕ್ಕಿದೆ. ಅನಿಲ ಒಮಾನಿನ ನೆಲದ್ದೇ. ಎಲ್ಲಕ್ಕಿಂತ ಮುಖ್ಯವಾಗಿ, ಸೂರ್ ಬಂದರು ಹೊರ್ಮುಜ್ ಜಲಸಂಧಿಯ ಹೊರಗಿದೆ. ಕೊಲ್ಲಿಯಲ್ಲಿ ಯುದ್ಧ ಹತ್ತಿ ಜಲಸಂಧಿ ಮುಚ್ಚಿದರೂ, ಅಲ್ಲಿಂದ ಹೊರಟ ಹಡಗು ಆ ಇಕ್ಕಟ್ಟಿನಲ್ಲಿ ಹಾಯಬೇಕಾಗಿಲ್ಲ. ಆ ಜಾಗ ಆರಿಸಿದವರಿಗೆ ನಾವು ಋಣಿಗಳು.

ಪಣಂಬೂರಿನ ಮಂಗಳೂರು ಕೆಮಿಕಲ್ಸ್ ಗೊಬ್ಬರ ಕಾರ್ಖಾನೆಗೆ ಅಂಥ ಭರವಸೆ ಇಲ್ಲ. 1976ರಲ್ಲಿ ಆರಂಭವಾಗಿ ದಶಕಗಳ ಕಾಲ ನಾಫ್ತಾದ ಮೇಲೆ ನಡೆದು, 2020ರ ಕೊನೆಗೆ ಅದು ಅನಿಲಕ್ಕೆ ತಿರುಗಿತು. ಅನಿಲ ಕೊಚ್ಚಿಯಿಂದ 450 ಕಿಲೋಮೀಟರ್ ಕೊಳವೆಯಲ್ಲಿ ಬರುತ್ತದೆ, ಕೊಚ್ಚಿಗೆ ಹಡಗಿನಲ್ಲಿ. ದೇಶಕ್ಕೆ ಅತಿ ಹೆಚ್ಚು ದ್ರವ ಅನಿಲ ಕೊಡುವುದು ಕತಾರ್, ಅದರ ಹಡಗುಗಳಿಗೆ ಹೊರ್ಮುಜ್ ಬಿಟ್ಟು ಬೇರೆ ದಾರಿಯಿಲ್ಲ.