ನಡು ಯಾವುದು, ಅಂಚು ಯಾವುದು

ದಿಕ್ಕು ಎಂಬುದು ನೆಲದ ಮೇಲೆ ಯಾರೋ ಬರೆದಿಟ್ಟ ಗೆರೆಯಲ್ಲ. ಸೂರ್ಯ ಮೂಡುವ ಕಡೆ ಮೂಡಣ. ಅವನು ಪಡುವ, ಅಂದರೆ ಮುಳುಗುವ ಕಡೆ ಪಡುವಣ. ಒಲೆ ಹೂಡುವಾಗ, ದೇವರ ಜಗಲಿ ಕಟ್ಟಿಸುವಾಗ, ಮಲಗಿದವರ ತಲೆ ಬಡಗಣಕ್ಕೆ ಬಾರದಂತೆ ಹಾಸಿಗೆ ಹಾಸುವಾಗ ನಾವು ಹೆಣ್ಣುಮಕ್ಕಳು ಹಿಡಿಯುವುದು ಇದೇ ಲೆಕ್ಕವನ್ನು. ಆದರೆ ಸೂರ್ಯನನ್ನೇ ಬಿಟ್ಟು ದೂರ ಹೋದವರಿಗೆ ಮೂಡಣ ಎಲ್ಲಿಯದು?

ಅಂತರಿಕ್ಷದ ಕಥೆ ಬರೆಯುವವರಿಗೆ ಈ ತೊಡಕು ಎದುರಾಯಿತು. ನಕ್ಷತ್ರದಿಂದ ನಕ್ಷತ್ರಕ್ಕೆ ಹಡಗು ಓಡುವ ಆ ಕಥೆಗಳಲ್ಲಿ ಅವರು ನಾಲ್ಕು ಹೊಸ ದಿಕ್ಕುಗಳನ್ನು ಮಾಡಿಕೊಂಡರು: ನಕ್ಷತ್ರಗಳ ಆ ದೊಡ್ಡ ಚಕ್ರದ ನಡುವಿನ ಕಡೆ, ಅಂಚಿನ ಕಡೆ, ಚಕ್ರ ತಿರುಗುವ ಕಡೆ, ಅದಕ್ಕೆ ಎದುರು ಕಡೆ. ಕಥೆ ಕಲ್ಪನೆಯದಾದರೂ ಚಕ್ರ ನಿಜ. ನಾವು ಆಕಾಶಗಂಗೆ ಎನ್ನುವುದು ಅದನ್ನೇ. ಅದರ ನಡುವಿನಿಂದ ನಮ್ಮ ಸೂರ್ಯ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿದ್ದಾನೆ. ಒಂದು ಸುತ್ತು ಬರಲು ಅವನಿಗೆ 20 ಕೋಟಿಗೂ ಹೆಚ್ಚು ವರ್ಷ ಬೇಕು. ಮೇ ತಿಂಗಳಲ್ಲಿ ಮಾಳಿಗೆಯ ಮೇಲೆ ಮಲಗಿದವರು ನಡುರಾತ್ರಿ ಕಳೆದ ಮೇಲೆ ತೆಂಕಣಕ್ಕೆ ನೋಡಿದರೆ ಧನು ರಾಶಿ ಕಾಣುತ್ತದೆ. ಆ ನಡು ಇರುವುದು ಆ ಕಡೆಗೇ.

ಐಸಾಕ್ ಅಸಿಮೋವ್ 1942ರಿಂದ ಪ್ರಕಟಿಸಿದ ‘ಫೌಂಡೇಶನ್’ ಕಥೆಗಳಲ್ಲಿ ಸಾಮ್ರಾಜ್ಯದ ರಾಜಧಾನಿ ಟ್ರಾಂಟರ್ ನಡುವಿನ ಬಳಿ ಇದೆ. ಟರ್ಮಿನಸ್ ಎಂಬ ಬಡ ಲೋಕ ಅಂಚಿನಲ್ಲಿದೆ. ಟರ್ಮಿನಸ್ಸಿನವರು ತಮಗೆ ಎದುರಾದ ‘ಇನ್ನೊಂದು ತುದಿ’ಯನ್ನು ಬಹಳ ಕಾಲ ಹುಡುಕುತ್ತಾರೆ. ಅದು ಇದ್ದದ್ದು ಟ್ರಾಂಟರಿನಲ್ಲೇ ಎಂಬ ಉತ್ತರ 1953ರಲ್ಲಿ ಬಂದ ಪುಸ್ತಕದ ಕೊನೆಯಲ್ಲಿ ಸಿಗುತ್ತದೆ. ಅಂಚಿನಲ್ಲಿ ನಿಂತವರಿಗೆ ಎದುರಿನ ತುದಿ ಎಂದರೆ ನಡುವೇ!

ನಡು, ಅಂಚು ಎಂಬ ಈ ಮಾತು ನಮ್ಮ ರಾಮದುರ್ಗಕ್ಕೆ ಹೊಸದೇನಲ್ಲ. ಭಾವೆ ಮನೆತನದವರ ಕಾಲದಲ್ಲಿ ಈ ಊರೇ ಒಂದು ಸಂಸ್ಥಾನದ ರಾಜಧಾನಿ. ಸುತ್ತಲಿನ ಹಳ್ಳಿಗಳಿಗೆ ನಡು. 1948ರಲ್ಲಿ ಸಂಸ್ಥಾನ ವಿಲೀನವಾಯಿತು, ದೊಡ್ಡ ಕಚೇರಿಯ ದಾರಿ ಪಡುವಣದ ಮುಂಬಯಿಗೆ ತಿರುಗಿತು. 1956ರಲ್ಲಿ ಕನ್ನಡ ಸೀಮೆಗಳು ಒಂದಾದಾಗ ಅದೇ ದಾರಿ ತೆಂಕಣಕ್ಕೆ, ಬೆಂಗಳೂರಿಗೆ ತಿರುಗಿತು. ಎಂಟೇ ವರ್ಷದಲ್ಲಿ ಊರು ಕದಲದೆ ನಡು ಎರಡು ಸಲ ಕದಲಿತು.

ಇನ್ನೂ ಹಿಂದೆ ಹೋಗೋಣ. ಸುಮಾರು 850ರಲ್ಲಿ ರಚನೆಯಾದ ‘ಕವಿರಾಜಮಾರ್ಗ’ ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡನಾಡು ಎಂದು ಗುರುತಿಸಿ, ಅದರೊಳಗೆ ಕನ್ನಡದ ತಿರುಳು ಇರುವ ಜಾಗವನ್ನೂ ಹೇಳುತ್ತದೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ: ಈ ನಾಲ್ಕರ ನಡುವಿನ ನಾಡು ಅದು. ಕಿಸುವೊಳಲು ಇಂದಿನ ಪಟ್ಟದಕಲ್ಲು; ಒಕ್ಕುಂದ ಬೈಲಹೊಂಗಲ ತಾಲೂಕಿನದು. ಆ ಎರಡರ ನಡುವೆ ನಮ್ಮ ಸೀಮೆ ಇದೆ. ಇಂದು ಬೆಂಗಳೂರಿನ ನಕಾಶೆಯಲ್ಲಿ ಮೂಲೆಗೆ ಬೀಳುವ ಊರು ಆ ಕವಿಯ ಲೆಕ್ಕದಲ್ಲಿ ತಿರುಳಿನ ಮಗ್ಗುಲಿಗೇ ಇತ್ತು.

ಮಲಪ್ರಭೆಗೆ ಮಾತ್ರ ಈ ಲೆಕ್ಕಗಳ ಹಂಗಿಲ್ಲ. ಪಡುವಣದ ಕಣಕುಂಬಿಯಲ್ಲಿ ಹುಟ್ಟಿ ಮೂಡಣಕ್ಕೆ ಹರಿಯುತ್ತ ಬಂದು, ಪಟ್ಟದಕಲ್ಲಿನಲ್ಲಿ ಬಡಗಣಕ್ಕೆ ಹೊರಳಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ದಿಕ್ಸೂಚಿಯ ಪ್ರಕಾರ ದಿಕ್ಕು ಬದಲಾದರೂ ನೀರು ಬರುವ ಕಡೆ, ನೀರು ಹೋಗುವ ಕಡೆ ಎಂಬುದು ದಂಡೆಯವರಿಗೆ ಬದಲಾಗುವುದಿಲ್ಲ. ಚಕ್ರ ತಿರುಗುವ ಕಡೆ ಎಂದು ಕಥೆಗಾರರು ಹೆಸರಿಟ್ಟದ್ದೂ ಇದೇ ಬಗೆ.

ಮದುವೆಯಾಗಿ ಬಂದವಳಿಗೆ ಇದನ್ನೆಲ್ಲ ಪುಸ್ತಕ ಹೇಳಬೇಕಾಗಿಲ್ಲ. ಹುಟ್ಟಿದಂದಿನಿಂದ ನಡುವಾಗಿದ್ದ ತವರು ಒಂದೇ ದಿನದಲ್ಲಿ ಅಂಚಿಗೆ ಸರಿಯಬೇಕೆಂದು ಲೋಕ ಬಯಸುತ್ತದೆ. ಅವಳು ಹೊಸ ಮನೆಯ ಮೂಡಣವನ್ನು ಕಲಿಯುತ್ತಾಳೆ. ತವರಿನ ಕಡೆ ಯಾವುದೆಂಬುದನ್ನೂ ಮರೆಯುವುದಿಲ್ಲ. ನಮ್ಮದು ಮೂಲೆಯ ಊರು ಎಂದು ಯಾರಾದರೂ ಅಂದರೆ, ಎಲ್ಲಿ ನಿಂತು ನೋಡಿದರೆ ಮೂಲೆ ಎಂದು ಒಮ್ಮೆ ಕೇಳಿ ನೋಡಬೇಕು.