ಕಾರ್ಡಿನಲ್ಲಿ ಬಂದ ಹಾಡು

ಚಿತ್ರದುರ್ಗಕ್ಕೆ ತನ್ನದೇ ಬಾನುಲಿ ಬರುವ ಮೊದಲು ಈ ಸೀಮೆಯ ರೇಡಿಯೋಗಳು ಪರವೂರಿನ ದನಿಗಳನ್ನೇ ನೆಚ್ಚಿಕೊಂಡಿದ್ದವು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ಮನೆಗಳಲ್ಲಿ ರೇಡಿಯೋ ಮುಳ್ಳು ಭದ್ರಾವತಿ, ಬೆಂಗಳೂರು, ಧಾರವಾಡಗಳ ನಡುವೆ ಓಡಾಡುತ್ತಿತ್ತು. ಕಿರುತರಂಗದ ಪಟ್ಟಿ ಇದ್ದ ಸೆಟ್ಟಾದರೆ ರೇಡಿಯೋ ಸಿಲೋನೂ ಸಿಗುತ್ತಿತ್ತು, ಅಲೆ ಬಂದು ಹೋಗುವಂತೆ ಏರುತ್ತ ಇಳಿಯುತ್ತ. ಆ ತಿರುಗುಣಿಯನ್ನು ಯಾವ ಕೈ ಯಾವ ಹೊತ್ತಿಗೆ ಯಾವ ಕಡೆ ತಿರುಗಿಸುತ್ತದೆ ಎಂಬುದರ ಮೇಲೆಯೇ ನಿಲಯಗಳ ಹಾಡಿನ ಆಯ್ಕೆ ನಿಂತಿದೆ. ಇದು ಇವತ್ತಿನ ಎಫ್‌ಎಂ ಕಂಪನಿಗಳು ಕಂಡುಹಿಡಿದ ವಿಚಾರವಲ್ಲ.

ಕನ್ನಡದ ಬಾನುಲಿಗೆ ಮೊದಲು ಪೈಪೋಟಿಯ ಚಿಂತೆಯೇ ಇರಲಿಲ್ಲ. 1935ರಲ್ಲಿ ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದಾಗ, ಕೇಳುವುದೇ ಒಂದು ಪವಾಡವಾಗಿತ್ತು. ಪೈಪೋಟಿ ಏನೆಂದು ಸರ್ಕಾರಿ ರೇಡಿಯೋಗೆ ತಿಳಿದದ್ದು 1952ರಲ್ಲಿ. ಆಗ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಶಾಸ್ತ್ರೀಯ ಸಂಗೀತದ ಮೇಲೆ ಅಪಾರ ಪ್ರೀತಿ, ಸಿನಿಮಾ ಹಾಡಿನ ಮೇಲೆ ಅಷ್ಟೇ ಅಸಮಾಧಾನ. ಆಕಾಶವಾಣಿಯಲ್ಲಿ ಚಿತ್ರಗೀತೆಗಳಿಗೆ ಕತ್ತರಿ ಬಿತ್ತು, ನಿರ್ಮಾಪಕರು ಮುನಿಸಿಕೊಂಡರು, ಹಾಡುಗಳು ಪ್ರಸಾರದಿಂದಲೇ ಮಾಯವಾದವು. ಕೇಳುಗರು ತಕರಾರು ಅರ್ಜಿ ಹಾಕಲಿಲ್ಲ. ಸುಮ್ಮನೆ ತಿರುಗುಣಿ ತಿರುಗಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ರೇಡಿಯೋ ಸಿಲೋನ್‌ನಿಂದ ಅಮೀನ್ ಸಯಾನಿ ಅವರ ‘ಬಿನಾಕಾ ಗೀತಮಾಲಾ’ ಆರಂಭವಾಯಿತು, ಇಡೀ ದೇಶದ ಕಿವಿ ಸಮುದ್ರದಾಚೆಗೆ ಹೋಯಿತು. ಕಳೆದುಕೊಂಡ ಕಿವಿಯನ್ನು ಮರಳಿ ಪಡೆಯಲು ಸರ್ಕಾರ 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ಎಂಬ ಹೊಸ ವಾಹಿನಿಯನ್ನೇ ತೆರೆಯಬೇಕಾಯಿತು. ಕೇಸ್ಕರ್ ಅವರ ಕಾಳಜಿ ಸುಳ್ಳಲ್ಲ. ಎಷ್ಟೋ ಗಾಯಕರಿಗೆ, ವಾದಕರಿಗೆ ಅವರ ಕಾಲದ ಆಕಾಶವಾಣಿ ಅನ್ನ ಕೊಟ್ಟಿದೆ. ಆದರೆ ಕೇಳುಗನನ್ನು ತಿದ್ದಲು ಹೊರಟ ನಿಲಯಕ್ಕೆ ಕೇಳುಗನೇ ಉಳಿಯಲಿಲ್ಲ.

1965ರಲ್ಲಿ ಭದ್ರಾವತಿ ನಿಲಯ ಬಂತು. ಚಿತ್ರದುರ್ಗದವರಿಗೆ ಅದು ಪಕ್ಕದ ಮನೆಯ ರೇಡಿಯೋ. ಅಂಚೆ ಕಚೇರಿಯಲ್ಲಿ ವರ್ಷವರ್ಷ ಪರವಾನಗಿ ಶುಲ್ಕ ಕಟ್ಟಿ ಸೆಟ್ ಇಟ್ಟುಕೊಳ್ಳುತ್ತಿದ್ದ ಕಾಲ ಅದು. ಮನೆಯಲ್ಲಿ ಸೆಟ್ ಇಲ್ಲದವರಿಗೆ ಪಂಚಾಯಿತಿಯ ರೇಡಿಯೋ ಇತ್ತು. ಬೆಳಿಗ್ಗೆ ಭಕ್ತಿಗೀತೆ, ಆಮೇಲೆ ಚಿತ್ರಗೀತೆ, ಸಂಜೆ ರೈತರಿಗೆ ಹವಾಮಾನ, ಬೀಜ, ಗೊಬ್ಬರದ ಮಾತು, ರಾತ್ರಿ ನಾಟಕ ಅಥವಾ ಸಂಗೀತ ಕಚೇರಿ. ಇಡೀ ದಿನಕ್ಕೆ ಒಂದೇ ಬಗೆಯ ಹಾಡು ಎಂಬುದು ಆಕಾಶವಾಣಿಯ ದಾರಿಯಲ್ಲ. ಹೊತ್ತಿಗೆ ತಕ್ಕ ಹಾಡು, ಅಷ್ಟೆ. ಆ ಹೊತ್ತುಗಳಲ್ಲಿ ಎಲ್ಲರೂ ಕಾದು ಕೂರುತ್ತಿದ್ದುದು ಕೋರಿಕೆ ಕಾರ್ಯಕ್ರಮಕ್ಕೆ. ಒಂದು ಕಾರ್ಡಿನಲ್ಲಿ ಮನೆಮಂದಿಯ ಹೆಸರನ್ನೆಲ್ಲ ಇಕ್ಕಟ್ಟಾಗಿ ಬರೆದು, ಕೊನೆಗೆ ಊರ ಹೆಸರು ಹಾಕಿ ಅಂಚೆ ಡಬ್ಬಿಗೆ ಬಿಟ್ಟರೆ ವಾರಗಟ್ಟಲೆ ಕಾಯಬೇಕು. ಹಾಡು ಮೂರು ನಿಮಿಷದ್ದು. ಹೆಸರು ಬಂದದ್ದು ಒಂದೇ ಕ್ಷಣ. ಕಾದದ್ದು ಆ ಕ್ಷಣಕ್ಕೆ.

ಎಂಬತ್ತರ ದಶಕದಲ್ಲಿ ಕ್ಯಾಸೆಟ್ ಬಂದು ಲೆಕ್ಕವೆಲ್ಲ ಬದಲಾಯಿತು. ಭಾವಗೀತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ದಾರಿ ತೆರೆದ ಮೇಲೆ, ಆಕಾಶವಾಣಿ ಸುಗಮ ಸಂಗೀತವೆಂದು ಬೆಳೆಸಿದ ಹಾಡುಗಳೇ ಅಂಗಡಿಯಲ್ಲಿ ಮಾರಾಟಕ್ಕೆ ಸಿಕ್ಕವು. ಟೇಪ್ ರೆಕಾರ್ಡರ್ ಇದ್ದವರು ಕಾಯಬೇಕಿರಲಿಲ್ಲ.

ಚಿತ್ರದುರ್ಗದ ಸ್ಥಳೀಯ ನಿಲಯ ಕಣ್ಣು ಬಿಟ್ಟದ್ದು ಇಂಥ ಹೊತ್ತಿನಲ್ಲಿ. 1984ರಲ್ಲಿ ತಮಿಳುನಾಡಿನ ನಾಗರಕೋಯಿಲ್‌ನಲ್ಲಿ ದೇಶದ ಮೊದಲ ಸ್ಥಳೀಯ ನಿಲಯ ಶುರುವಾದ ಮೇಲೆ, ತೊಂಬತ್ತರ ದಶಕದ ಹೊಸ್ತಿಲಲ್ಲಿ ಹಾಸನ, ಮಡಿಕೇರಿಯಂಥ ಊರುಗಳಿಗೆ ಬಂದಂತೆ ಕೋಟೆಯೂರಿಗೂ ಎಫ್‌ಎಂ ಬಂತು. ಅದರ ತರಂಗಾಂತರ 102.6 ಮೆಗಾಹರ್ಟ್ಸ್. ಎಫ್‌ಎಂ ದನಿ ತಿಳಿ, ಆದರೆ ನೇರ ದಾರಿಯದು. ಗುಡ್ಡ ಅಡ್ಡ ಬಂದರೆ ನಿಂತುಬಿಡುತ್ತದೆ. ಕಲ್ಲುಗುಡ್ಡಗಳೇ ತುಂಬಿದ ಈ ಸೀಮೆಯಲ್ಲಿ ಅದು ಸಣ್ಣ ತೊಡಕಲ್ಲ. ಆದರೂ ಆ ಮಿತಿಯೇ ನಿಲಯದ ಬಲವೂ ಆಯಿತು. ಬೆಂಗಳೂರಿಗೆ, ಮೈಸೂರಿಗೆ ಕೇಳಿಸಬೇಕಾದ ಹಂಗಿಲ್ಲ. ಈರುಳ್ಳಿ ಬೆಲೆ, ಶೇಂಗಾ ಬಿತ್ತನೆ, ಹೊಳಲ್ಕೆರೆಯ ಅಡಿಕೆ ತೋಟ, ವಾಣಿವಿಲಾಸ ಸಾಗರದ ನೀರಿನ ಮಟ್ಟ ಇವೆಲ್ಲ ಇಲ್ಲಿ ಇಡೀ ಕೇಳುಗ ಬಳಗದ ಮಾತು.

ಹಾಡಿನ ವಿಷಯದಲ್ಲಂತೂ ಇಂಥ ಸಿರಿವಂತ ಜಿಲ್ಲೆ ಅಪರೂಪ. ಹಿರಿಯೂರಿನಿಂದ ಶಿರಾದವರೆಗಿನ ಕಾಡುಗೊಲ್ಲರ ಹಟ್ಟಿಗಳಲ್ಲಿ ಗಣೆ ಎಂಬ ಬಿದಿರ ಕೊಳಲು ಊದುತ್ತ ಹಾಡುವ, ಅವರ ವೀರ ಜುಂಜಪ್ಪನ ಕಾವ್ಯವಿದೆ. ಮ್ಯಾಸಬೇಡರ ಹಟ್ಟಿಗಳಲ್ಲಿ ಅವರ ವೀರ ಗಾದರಿ ಪಾಲನಾಯಕನ ಕಥೆಯಿದೆ. ಚಳ್ಳಕೆರೆ ತಾಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಪದಗಳನ್ನು ನೆನಪಿನಲ್ಲೇ ಹೊತ್ತಿದ್ದರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಸಿರಿಗೆರೆ ಮಠದ ಕಡೆಯಿಂದ ವಚನ ಗಾಯನ, ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯಿಂದ ‘ಶಿವಸಂಚಾರ’ ತಂಡದ ರಂಗಗೀತೆ. ಸಿನಿಮಾ ಹಾಡು ಬೇಕೆಂದರೂ ಊರಿನದೇ ಇದೆ: ತ.ರಾ.ಸು. ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆರೆಗೆ ತಂದ ‘ನಾಗರಹಾವು’, ಅದರಲ್ಲಿ ಪಿ.ಬಿ. ಶ್ರೀನಿವಾಸ್ ದನಿಯ, ದುರ್ಗದ ವೀರವನಿತೆ ಓಬವ್ವನ ಹಾಡು. ಜುಂಜಪ್ಪನ ಕಾವ್ಯ ರಾತ್ರಿಯೆಲ್ಲ ನಡೆಯುವಂಥದ್ದು, ನಿಲಯ ಕೊಡಬಲ್ಲದ್ದು ಹದಿನೈದು ಇಪ್ಪತ್ತು ನಿಮಿಷ. ಆದರೂ ಆ ಹದಿನೈದು ನಿಮಿಷವನ್ನು ಬೇರೆ ಯಾರೂ ಕೊಡುವುದಿಲ್ಲ. ಆಕಾಶವಾಣಿಯ ಧ್ವನಿಪರೀಕ್ಷೆಗೆ ನಿಂತು, ‘ಬಿ ಗ್ರೇಡ್’ ಕಲಾವಿದ ಎಂಬ ಬಿರುದನ್ನು ಹೆಮ್ಮೆಯಿಂದ ಕರಪತ್ರದಲ್ಲಿ ಅಚ್ಚು ಹಾಕಿಸಿಕೊಳ್ಳುವ ಹಳ್ಳಿ ಗಾಯಕರಿಗೆ ಅದರ ಬೆಲೆ ಗೊತ್ತು.

ಖಾಸಗಿ ರೇಡಿಯೋದ ಕ್ರಮವೇ ಬೇರೆ. ಅದರ ಬೇರು ಐವತ್ತರ ದಶಕದ ಅಮೆರಿಕದಲ್ಲಿದೆ. ಒಮಾಹಾ ಊರಿನ ನಿಲಯವೊಂದರ ಒಡೆಯ ಟಾಡ್ ಸ್ಟಾರ್ಜ್, ಜನ ಕಾಸು ಹಾಕಿ ಕೇಳುವ ಜೂಕ್‌ಬಾಕ್ಸಿನಲ್ಲಿ ಕೆಲವೇ ಹಾಡುಗಳನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳುವುದನ್ನು ಗಮನಿಸಿ, ಅವನ್ನೇ ದಿನವಿಡೀ ತಿರುಗಿಸುವ ಪದ್ಧತಿ ತಂದ. ಇಂದಿನ ‘ಫಾರ್ಮ್ಯಾಟ್’ ಅದರ ಕುಡಿ. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಆಗಿ ಬೆಂಗಳೂರಿನಲ್ಲಿ ಬಂದ ರೇಡಿಯೋ ಸಿಟಿ ಹೆಚ್ಚಾಗಿ ಹಿಂದಿ, ಇಂಗ್ಲಿಷ್ ಹಾಡುಗಳನ್ನೇ ನೆಚ್ಚಿತ್ತು. ಕನ್ನಡ ಕೇಳುಗನಿಂದ ಜಾಹೀರಾತು ಹುಟ್ಟುವುದಿಲ್ಲವೆಂಬ ಎಣಿಕೆ ಆಗ ಇತ್ತು. 2006ರಲ್ಲಿ ರೇಡಿಯೋ ಮಿರ್ಚಿ ಕನ್ನಡವನ್ನೇ ಹಿಡಿದು ಬಂತು. ಆ ವರ್ಷದ ಕೊನೆಗೆ ‘ಮುಂಗಾರು ಮಳೆ’ ಬಿಡುಗಡೆಯಾಗಿ, ಮನೋಮೂರ್ತಿ ಸಂಗೀತದ ಹಾಡುಗಳು ಆಟೋ, ಬಸ್ಸು, ಹೋಟೆಲುಗಳನ್ನೆಲ್ಲ ತುಂಬಿದ ಮೇಲೆ ಆ ಎಣಿಕೆ ನಿಲ್ಲಲಿಲ್ಲ. ಕನ್ನಡಕ್ಕೆ ಅದು ದೊಡ್ಡ ಗೆಲುವು. ಆದರೆ ಗೆದ್ದ ಹಾಡುಗಳೇ ಗಂಟೆಗಂಟೆಗೂ ಮರಳಿ ಬಂದು, ಹಳೆಯ ಹಾಡು, ಜನಪದ, ಭಾವಗೀತೆ ಮೂಲೆ ಸೇರಿದ್ದೂ ನಿಜ. 2007ರಿಂದ ಬೆಂಗಳೂರಿನಲ್ಲಿ ಕೇಳುಗರಿಂದ ಡೈರಿ ಬರೆಸಿ ಯಾವ ನಿಲಯಕ್ಕೆ ಎಷ್ಟು ಕಿವಿ ಎಂದು ಅಳೆಯತೊಡಗಿದರು. ಹೊಸದುರ್ಗದ ಕೇಳುಗನಿಗೆ ಅಂಥ ಡೈರಿ ಯಾರೂ ಕೊಡಲಿಲ್ಲ. ಅವನ ಲೆಕ್ಕ ಇದ್ದದ್ದು ಕಾರ್ಡಿನಲ್ಲಿ.

2024ರ ಆಗಸ್ಟ್ 28ರಂದು ಕೇಂದ್ರ ಸಂಪುಟ 234 ಊರುಗಳಲ್ಲಿ 730 ಖಾಸಗಿ ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಆ ಊರುಗಳ ಪಟ್ಟಿಯಲ್ಲಿ ಚಿತ್ರದುರ್ಗವೂ ಇದೆ. ಇಲ್ಲಿ ಜಾಹೀರಾತು ಕೊಡುವವರು ಬಟ್ಟೆ ಅಂಗಡಿ, ಚಿನ್ನದ ಅಂಗಡಿ, ಬೀಜ ಗೊಬ್ಬರದ ವ್ಯಾಪಾರಿ, ಖಾಸಗಿ ಶಾಲೆ ಕಾಲೇಜುಗಳು. ಅಷ್ಟೇ ಹಣದಲ್ಲಿ ನಿಲಯ ನಡೆಸಬೇಕಾದವರಿಗೆ ಬೆಂಗಳೂರಿನಲ್ಲಿ ತಯಾರಾದ ಹಾಡಿನ ಪಟ್ಟಿಯನ್ನೇ ಇಲ್ಲಿ ಹರಿಸುವುದು ಅಗ್ಗ. ಹಟ್ಟಿಗೆ ಹೋಗಿ ಗಣೆಯ ಪದ ಮುದ್ರಿಸಿಕೊಂಡು ಬರುವುದು ದುಬಾರಿ. ಹೀಗೆ ಹೊಸ ನಿಲಯಗಳು ಬಂದರೂ ಜುಂಜಪ್ಪನ ಹದಿನೈದು ನಿಮಿಷ 102.6ರ ಪಾಲಿಗೇ ಉಳಿಯುವ ಸಾಧ್ಯತೆಯೇ ಹೆಚ್ಚು. ಹಾಗಾಗಿ ಆ ಸರ್ಕಾರಿ ನಿಲಯದಲ್ಲಿ ಸ್ಥಳೀಯ ಧ್ವನಿಮುದ್ರಣಕ್ಕೆ ಜನ, ವಾಹನ, ಹಣ ಇರಬೇಕಾದದ್ದು ಈಗಲೇ, ಪೈಪೋಟಿ ಬಾಗಿಲಿಗೆ ಬರುವ ಮುಂಚೆಯೇ. ಕೋರಿಕೆಗೆ ಕಾರ್ಡಿನ ಜಾಗದಲ್ಲಿ ಫೋನು ಬಂದಿದೆ. ಕೇಳುಗ ತನ್ನ ಹೆಸರು ಹೇಳುತ್ತಾನೆ, ಊರು ಹೇಳುತ್ತಾನೆ, ಆಮೇಲೆ ಹಾಡು ಕೇಳುತ್ತಾನೆ.